ನಾಬ್ ಯಾವಾಗಲೂ ಹತ್ತರಲ್ಲೇ ಯಾಕಿರುತ್ತೆ?

ಬೆಂಗಳೂರಲ್ಲಿ ನಾಲ್ಕು ಜನ ಇಂಜಿನಿಯರ್‌ಗಳು ಬಾಡಿಗೆಗಿರೋ ಯಾವ ಮನೆಗೆ ಬೇಕಾದ್ರೂ ಹೋಗಿ ನೋಡಿ. ಹಾಲಿನ ಮೂಲೆಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ, ಒಂದು ಎಲೆಕ್ಟ್ರಿಕ್ ಗಿಟಾರ್ ಗೋಡೆಗೆ ಒರಗಿ ನಿಂತಿರುತ್ತೆ. ಅದರ ಮೈಮೇಲೆ ಮೂರೋ ನಾಲ್ಕೋ ನಾಬ್. ಎಲ್ಲವೂ 10ರಲ್ಲಿ. ವಾಲ್ಯೂಮ್ ನಾಬನ್ನು ಆಗಾಗ ಮುಟ್ಟಿದ ಗುರುತಾದರೂ ಇರುತ್ತೆ, ಟೋನ್ ನಾಬಿನ ಬುಡದಲ್ಲಿ ಮಾತ್ರ ಧೂಳು. ಯಾಕಪ್ಪಾ ಅಂತ ಕೇಳಿದ್ರೆ, "ಅದನ್ನ ಕಮ್ಮಿ ಮಾಡಿದ್ರೆ ಸೌಂಡ್ ಮಂಕಾಗುತ್ತೆ ಗುರು" ಅನ್ನೋ ಉತ್ತರ ಬರುತ್ತೆ. ಅದೇ ಬಾಯಲ್ಲಿ ಮುಂದಿನ ಮಾತು: "ಈ ಗಿಟಾರಿನ ಟೋನೇ ಸರಿಯಿಲ್ಲ. ಮುಂದಿನ ಬೋನಸ್ಸಿಗೆ ರೋಸ್‌ವುಡ್ ಬೋರ್ಡ್ ಇರೋದು ತಗೋಬೇಕು."

ರೋಸ್‌ವುಡ್ ಅಂದ್ರೆ ನಮ್ಮ ಬೀಟೆ. ಹೇಮಾವತಿ ಹುಟ್ಟೋ ಜಾವಳಿ ಕಡೆಯವನು ನಾನು. ಅಲ್ಲಿಂದ ಕಳಸದವರೆಗೂ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರೋ ಮರಗಳಲ್ಲಿ ಬೀಟೆಯೂ ಒಂದು. ಒಬ್ಬ ಹುಡುಗನ ಟೋನ್ ಚಿಂತೆಗೂ ನಮ್ಮ ತೋಟದ ಮರಕ್ಕೂ ಏನು ಸಂಬಂಧ ಅಂತ ಹುಡುಕುತ್ತಾ ಹೋದ್ರೆ, ಎಲೆಕ್ಟ್ರಿಕ್ ಗಿಟಾರಿನ ತೊಂಬತ್ತು ವರ್ಷದ ಚರಿತ್ರೆಯೇ ಎದುರಾಗುತ್ತೆ. ಆ ಚರಿತ್ರೆಯಲ್ಲಿ ಮರಕ್ಕಿಂತ ದೊಡ್ಡ ಪಾತ್ರ ಇರೋದು ಧೂಳು ಹಿಡಿದ ಆ ನಾಬಿಗೇ.

ಮೊದಲು ಅದು ಎಲ್ಲಿಂದ ಬಂತು ನೋಡೋಣ. ನಿಮ್ಮ ಅಜ್ಜನ ಮನೆಯಲ್ಲಿ ಹಳೇ ವಾಲ್ವ್ ರೇಡಿಯೋ ಇದ್ದಿದ್ರೆ ನೆನಪಿರಬಹುದು: ಒಂದು ನಾಬ್ ಸ್ಟೇಷನ್‌ಗೆ, ಒಂದು ವಾಲ್ಯೂಮಿಗೆ, ಇನ್ನೊಂದು ಟೋನ್‌ಗೆ. ಮಲೆನಾಡಿನಲ್ಲಿ ಆ ಮೂರನೇ ನಾಬಿಗೆ ಕೈತುಂಬ ಕೆಲಸ ಇತ್ತು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ ಬರ್ತಿತ್ತು. ಮುಂಗಾರಿನ ಗುಡುಗು ಮಿಂಚು ಶುರುವಾದ್ರೆ ವಾರ್ತೆಯ ಜೊತೆ ಚರಪರ ಅನ್ನೋ ಸದ್ದೂ ಬರ್ತಿತ್ತು. ಆಗ ಅಜ್ಜ ಎದ್ದು ಹೋಗಿ ಟೋನ್ ನಾಬನ್ನು ಎಡಕ್ಕೆ ತಿರುಗಿಸೋರು. ಚರಪರ ಅಡಗಿ, ವಾರ್ತೆ ಓದೋರ ದನಿ ಕಂಬಳಿ ಹೊದ್ದ ಹಾಗೆ ದಪ್ಪಗಾಗ್ತಿತ್ತು. ಚರಪರ ಸದ್ದೆಲ್ಲ ಹೆಚ್ಚಾಗಿ ಮೇಲಿನ ಕಂಪನಗಳದ್ದು. ಆ ನಾಬ್ ಮಾಡ್ತಿದ್ದಿದ್ದು ಮೇಲಿನದನ್ನು ಸೋಸಿ ಬಿಸಾಡೋ ಕೆಲಸ.

ಗಿಟಾರಿನ ಟೋನ್ ನಾಬ್ ಅದೇ ರೇಡಿಯೋ ನಾಬ್. ಹೋಲಿಕೆಗೆ ಹೇಳ್ತಿಲ್ಲ, ವಸ್ತುವೇ ಅದು. ಒಂದು ಪೊಟೆನ್ಶಿಯೋಮೀಟರ್, ಅದಕ್ಕೆ ಬೆಸುಗೆ ಹಾಕಿದ ಒಂದು ಕೆಪ್ಯಾಸಿಟರ್, ಅಲ್ಲಿಂದ ಗ್ರೌಂಡಿಗೆ ಒಂದು ವೈರು. ಕೆಪ್ಯಾಸಿಟರಿನ ಸ್ವಭಾವ ನೀವು ಬಿಇ ಮೊದಲ ವರ್ಷದಲ್ಲಿ ಓದಿ ಮರೆತಿದ್ದೇ: ಹೆಚ್ಚು ಫ್ರೀಕ್ವೆನ್ಸಿಯನ್ನು ಸುಲಭವಾಗಿ ಬಿಡುತ್ತೆ, ಕಡಿಮೆಯದನ್ನು ತಡೆಯುತ್ತೆ. ನಾಬ್ 10ರಲ್ಲಿದ್ದಾಗ ದಾರಿಗೆ ದೊಡ್ಡ ರೆಸಿಸ್ಟೆನ್ಸ್ ಅಡ್ಡ ಇರುತ್ತೆ, ಫೆಂಡರ್ ಮಾದರಿಗಳಲ್ಲಿ ಸಾಮಾನ್ಯವಾಗಿ 250 ಕಿಲೋಓಮ್, ಗಿಬ್ಸನ್ ಮಾದರಿಗಳಲ್ಲಿ 500. ನಾಬ್ ಇಳಿಸಿದಷ್ಟೂ ಆ ಅಡ್ಡಗೋಡೆ ಕರಗಿ, ಟ್ರೆಬಲ್ ಗ್ರೌಂಡಿಗೆ ಹರಿದು ಹೋಗುತ್ತೆ. ಅಂದ್ರೆ ಟೋನ್ ನಾಬ್ ಯಾವತ್ತೂ ಏನನ್ನೂ ಸೇರಿಸಲ್ಲ. ಕಳೆಯುತ್ತೆ, ಅಷ್ಟೆ.

ರೇಡಿಯೋ ಸಂಬಂಧ ಇಷ್ಟಕ್ಕೇ ಮುಗಿಯಲ್ಲ. ಲಿಯೋ ಫೆಂಡರ್ ಅನ್ನೋ ಮನುಷ್ಯ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಿನಲ್ಲಿ 1938ರಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇಟ್ಟ. ಊರಿನ ಬ್ಯಾಂಡಿನವರು ಕೆಟ್ಟ ಆಂಪ್ಲಿಫೈಯರ್ ತಂದು ಕೊಡೋರು, ಇವನು ಬಿಚ್ಚಿ ನೋಡಿ ಸರಿ ಮಾಡೋನು. ಅಲ್ಲಿಂದ ಆಂಪ್ ಮಾಡೋದಕ್ಕೆ, ಆಮೇಲೆ ಗಿಟಾರ್ ಮಾಡೋದಕ್ಕೆ ಹೋದ. ತಮಾಷೆ ಏನಂದ್ರೆ ಅವನಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ವಾದಕರನ್ನು ಕರೆದು, ನುಡಿಸಿ ಅಂತ ಹೇಳಿ, ಅವರು ಏನಂತಾರೆ ಕೇಳಿಸಿಕೊಂಡು ಮತ್ತೆ ಬೆಂಚಿಗೆ ಹೋಗಿ ಬೆಸುಗೆ ಹಾಕೋನು. ಯೂಸರ್ ಟೆಸ್ಟಿಂಗ್ ಅಂತ ನಾವು ಈಗ ಸ್ಲೈಡ್ ಮಾಡಿ ತೋರಿಸ್ತೀವಲ್ಲ, ಅದು.

ಅವನಿಗಿಂತ ಮುಂಚೆ ಎಲೆಕ್ಟ್ರಿಕ್ ಗಿಟಾರ್ ಇರಲಿಲ್ಲ ಅಂತಲ್ಲ. 1932ರಲ್ಲೇ ಜಾರ್ಜ್ ಬೋಷಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ ಹವಾಯಿಯನ್ ಶೈಲಿಗೆ ತೊಡೆ ಮೇಲಿಟ್ಟು ನುಡಿಸುವ ಒಂದು ಗಿಟಾರ್ ಮಾರಾಟಕ್ಕೆ ಇಟ್ಟಿದ್ದರು. ದುಂಡಗಿನ ಮೈ, ಉದ್ದ ಕುತ್ತಿಗೆ. ನೋಡೋಕೆ ಬಾಣಲೆ ಥರ ಇದ್ದಿದ್ದಕ್ಕೆ 'ಫ್ರೈಯಿಂಗ್ ಪ್ಯಾನ್' ಅಂತಲೇ ಹೆಸರಾಯ್ತು. ಇದನ್ನು ಸ್ವಲ್ಪ ನೆನಪಲ್ಲಿಡಿ: ಅದರ ಮೈ, ಕುತ್ತಿಗೆ ಎರಡೂ ಎರಕ ಹೊಯ್ದ ಅಲ್ಯೂಮಿನಿಯಂ. 1936ರಲ್ಲಿ ಗಿಬ್ಸನ್ ಕಂಪನಿಯ ಇಎಸ್-150 ಬಂತು. ಅದಕ್ಕೆ ಒಂದು ವಾಲ್ಯೂಮ್ ನಾಬ್, ಒಂದು ಟೋನ್ ನಾಬ್. ಚಾರ್ಲಿ ಕ್ರಿಶ್ಚಿಯನ್ ಜಾಝ್‌ನಲ್ಲಿ ಗಿಟಾರನ್ನು ಸ್ಯಾಕ್ಸೊಫೋನಿನ ಸಮಕ್ಕೆ ತಂದು ಕೂರಿಸಿದ್ದು ಇದೇ ಮಾದರಿಯಲ್ಲಿ.

ಈಗ ಬ್ಲೆಂಡ್ ವಿಷಯ. ನಮ್ಮ ಕಡೆಯವರಿಗೆ ಬ್ಲೆಂಡ್ ಅಂದ್ರೆ ಕಾಫಿಪುಡಿ. ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಚಿಕೋರಿ ಹಾಕಬೇಕಾ ಬೇಡವಾ. ಅರೇಬಿಕಾ ಒಂದೇ ಕುಡಿದ್ರೆ ಘಮ ಇರುತ್ತೆ, ಮೈ ಇರಲ್ಲ. ರೊಬಸ್ಟಾ ಒಂದೇ ಆದ್ರೆ ಗಡುಸು. ಗಿಟಾರಿನಲ್ಲೂ ಹಾಗೇ ಎರಡು ಪಿಕಪ್. ಪಿಕಪ್ ಅಂದ್ರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರೋ ಕಾಯಿಲ್. ಮೇಲೆ ಉಕ್ಕಿನ ತಂತಿ ಅಲುಗಾಡಿದ್ರೆ ಇಲ್ಲಿ ಸಿಗ್ನಲ್ ಹುಟ್ಟುತ್ತೆ. ಬ್ರಿಡ್ಜ್ ಹತ್ತಿರದ ಪಿಕಪ್ಪಿಗೆ ತಂತಿಯ ಕಿರುಕಂಪನಗಳು ಜಾಸ್ತಿ ಸಿಗುತ್ತವೆ, ಹಾಗಾಗಿ ಚೂಪು. ಕುತ್ತಿಗೆ ಹತ್ತಿರದ್ದಕ್ಕೆ ತಂತಿಯ ದೊಡ್ಡ ತೂಗಾಟ ಸಿಗುತ್ತೆ, ಹಾಗಾಗಿ ದಪ್ಪ. ಯಕ್ಷಗಾನದ ಮದ್ದಳೆಯವರು ಅಂಚಿಗೆ ಹೊಡೆದಾಗ ಬರೋ ನಾದಕ್ಕೂ ನಡುವಿಗೆ ಹೊಡೆದಾಗ ಬರೋದಕ್ಕೂ ಇರೋ ವ್ಯತ್ಯಾಸವೇ ಇದು.

1950ರಲ್ಲಿ ಲಿಯೋ ಫೆಂಡರ್ ಎರಡು ಪಿಕಪ್ಪಿನ ಗಿಟಾರ್ ಹೊರತಂದಾಗ ಅದಕ್ಕೆ 'ಬ್ರಾಡ್‌ಕಾಸ್ಟರ್' ಅಂತ ಹೆಸರಿಟ್ಟ. ಗ್ರೆಚ್ ಕಂಪನಿ, ಆ ಹೆಸರು ನಮ್ಮ ಡ್ರಮ್‌ನದ್ದು ಅಂತ ತಕರಾರು ತೆಗೀತು. ಕೊನೆಗೆ 1951ರಲ್ಲಿ ಅದು 'ಟೆಲಿಕ್ಯಾಸ್ಟರ್' ಆಯ್ತು. ಹೆಸರಿನ ಈ ಜಗಳ ಎಲ್ಲರಿಗೂ ಗೊತ್ತು. ಆದರೆ ಆ ಮೊದಲ ಗಿಟಾರುಗಳಲ್ಲಿ ಟೋನ್ ನಾಬೇ ಇರಲಿಲ್ಲ ಅನ್ನೋದನ್ನ ಯಾರೂ ಅಷ್ಟಾಗಿ ಹೇಳಲ್ಲ. ಎರಡು ನಾಬ್‌ಗಳಲ್ಲಿ ಮೊದಲನೆಯದು ವಾಲ್ಯೂಮ್, ಎರಡನೆಯದು ಬ್ಲೆಂಡ್. ಸ್ವಿಚ್ಚನ್ನು ಹಿಂದಕ್ಕೆ ಹಾಕಿದ್ರೆ ಬ್ರಿಡ್ಜ್ ಪಿಕಪ್ ದನಿ. ಬ್ಲೆಂಡ್ ತಿರುಗಿಸ್ತಾ ಹೋದ್ರೆ ಅದರೊಳಕ್ಕೆ ಕುತ್ತಿಗೆಯ ಪಿಕಪ್ ಸ್ವಲ್ಪಸ್ವಲ್ಪವೇ ಬೆರೆಯುತ್ತಾ ಬರ್ತಿತ್ತು. ಸ್ವಿಚ್ ನಡುವೆ ಇದ್ರೆ ಕುತ್ತಿಗೆಯದ್ದು ಮಾತ್ರ. ಮುಂದಕ್ಕೆ ಹಾಕಿದ್ರೆ ಅದೇ ಪಿಕಪ್ ಒಂದು ಕೆಪ್ಯಾಸಿಟರ್ ಮೂಲಕ ಬಂದು, ಗುಂ ಅನ್ನೋ ಬೇಸ್ ದನಿ. ಬೇಸ್ ಗಿಟಾರ್ ಇನ್ನೂ ಮಾರುಕಟ್ಟೆಗೆ ಬಂದಿರದ ಆ ದಿನಗಳಲ್ಲಿ ಗಿಟಾರಿನವನೇ ಬೇಸ್ ಭಾಗವನ್ನೂ ನುಡಿಸಲಿ ಅನ್ನೋ ಲೆಕ್ಕ.

ಅಂದ್ರೆ ಮೊದಲ ದಿನದಿಂದಲೇ ನಾಬ್ ಅನ್ನೋದು ಕೆಟ್ಟ ಸದ್ದು ಮುಚ್ಚೋ ಮುಚ್ಚಳ ಆಗಿರಲಿಲ್ಲ. ವಾದ್ಯದ ಒಂದು ಭಾಗ ಆಗಿತ್ತು. ಎಡಗೈ ಸ್ವರ ಹಿಡಿಯುತ್ತೆ, ಬಲಗೈ ಮೀಟುತ್ತೆ, ಅದೇ ಬಲಗೈಯ ಕಿರುಬೆರಳು ದನಿಯ ಹದ ನೋಡುತ್ತೆ. ಟೆಲಿಕ್ಯಾಸ್ಟರಿನಲ್ಲಿ ನಾಬ್ ಎಲ್ಲಿದೆ ನೋಡಿ, ಮೀಟೋ ಜಾಗಕ್ಕೆ ಎಷ್ಟು ಹತ್ತಿರ. ಸುಮ್ಮನೆ ಅಲ್ಲಿಟ್ಟಿಲ್ಲ.

ಆದರೆ ಬ್ಲೆಂಡ್ ಬಾಳಲಿಲ್ಲ. 1952ರಲ್ಲಿ ವೈರಿಂಗ್ ಬದಲಾಯಿತು, ಎರಡನೇ ನಾಬ್ ಎಲ್ಲರಿಗೂ ಪರಿಚಯವಿದ್ದ ರೇಡಿಯೋ ಥರದ ಟೋನ್ ನಾಬ್ ಆಯ್ತು. ಬೇಸ್ ದನಿಯ ಸ್ವಿಚ್ ಮಾತ್ರ ಹಾಗೇ ಉಳೀತು. ಇದರ ಪರಿಣಾಮ ವಿಚಿತ್ರ: ಅಲ್ಲಿಂದ 1967ರವರೆಗೆ, ಹದಿನೈದು ವರ್ಷ, ಫ್ಯಾಕ್ಟರಿಯಿಂದ ಬಂದ ಟೆಲಿಕ್ಯಾಸ್ಟರಿನಲ್ಲಿ ಎರಡೂ ಪಿಕಪ್ಪನ್ನು ಒಟ್ಟಿಗೆ ನುಡಿಸೋ ದಾರಿಯೇ ಇರಲಿಲ್ಲ. ಇದ್ದ ಫೀಚರನ್ನು ತೆಗೆದು, ಹದಿನೈದು ವರ್ಷದ ನಂತರ ಅರ್ಧಂಬರ್ಧ ವಾಪಸ್ ಕೊಟ್ಟರು. 1967ರಲ್ಲಿ ನಡು ಸ್ವಿಚ್ಚಿಗೆ ಎರಡೂ ಪಿಕಪ್ ಬಂತು, ಆದರೆ ಬೆರಕೆಯ ಪ್ರಮಾಣ ಹೇಳೋ ನಾಬ್ ಬರಲಿಲ್ಲ. ಚಿಕೋರಿ ಬೇಕಾ ಬೇಡ್ವಾ ಅಂತ ಕೇಳೋರು, ಎಷ್ಟು ಅಂತ ಕೇಳಲ್ಲ. ಗಿಬ್ಸನ್‌ನವರು 1952ರ ಲೆಸ್ ಪಾಲ್ ಮಾದರಿಯಲ್ಲಿ ಎರಡು ಪಿಕಪ್ಪಿಗೆ ಎರಡು ವಾಲ್ಯೂಮ್, ಎರಡು ಟೋನ್ ಕೊಟ್ಟು ಈ ಸಮಸ್ಯೆಯನ್ನು ಇನ್ನೊಂದು ರೀತಿ ಬಿಡಿಸಿದ್ದರು. ಬೆರೆಸಿಕೊಳ್ಳೋದು ನುಡಿಸುವವನಿಗೆ ಬಿಟ್ಟಿದ್ದು.

ಬೆರಕೆಯ ಅತ್ಯುತ್ತಮ ಕಥೆ ಇರೋದು ಮಾತ್ರ 1954ರ ಸ್ಟ್ರ್ಯಾಟೋಕ್ಯಾಸ್ಟರ್‌ನಲ್ಲಿ. ಮೂರು ಪಿಕಪ್, ಮೂರು ಹಂತದ ಸ್ವಿಚ್, ಒಂದು ಹಂತಕ್ಕೆ ಒಂದು ಪಿಕಪ್. ಅಷ್ಟೇ ಡಿಸೈನ್. ನುಡಿಸೋರು ಕಂಡುಕೊಂಡಿದ್ದು ಬೇರೆ: ಸ್ವಿಚ್ಚನ್ನು ಎರಡು ಹಂತಗಳ ಮಧ್ಯೆ ನಿಲ್ಲಿಸಿದ್ರೆ ಅಕ್ಕಪಕ್ಕದ ಎರಡು ಪಿಕಪ್ ಒಟ್ಟಿಗೆ ದನಿ ಕೊಡುತ್ತವೆ, ಆ ದನಿ ಎರಡರ ಥರವೂ ಇರಲ್ಲ. ಕೆಲವು ಕಂಪನಗಳು ಒಂದಕ್ಕೊಂದು ಕೂಡಿ, ಕೆಲವು ಒಂದನ್ನೊಂದು ಕಳೆದು, ಗಾಜಿನಂಥ, ಮೂಗಿನಲ್ಲಿ ಮಾತಾಡಿದಂಥ ಒಂದು ಹೊಸ ದನಿ. ಸ್ವಿಚ್ಚು ಮಧ್ಯೆ ನಿಲ್ಲದೆ ಜಾರಿದ್ರೆ ಬೆಂಕಿಕಡ್ಡಿ ಸಿಗಿಸಿ ನಿಲ್ಲಿಸೋರು. ಕಂಪನಿ ಐದು ಹಂತದ ಸ್ವಿಚ್ ಕೊಟ್ಟಿದ್ದು 1977ರಲ್ಲಿ, ಇಪ್ಪತ್ತಮೂರು ವರ್ಷ ಕಳೆದ ಮೇಲೆ! ಬಗ್ ಅಂತ ಟಿಕೆಟ್ ಹಾಕೋ ವಿಷಯವನ್ನು ಯೂಸರ್‌ಗಳೇ ಫೀಚರ್ ಮಾಡಿಕೊಂಡಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಮರುವರ್ಷವೇ, 1978ರಲ್ಲಿ, ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡಿನಲ್ಲಿ ಆ ಮಧ್ಯದ ದನಿಯನ್ನು ಲೋಕಕ್ಕೆಲ್ಲ ಕೇಳಿಸಿದ.

ಟೋನ್ ನಾಬಿಗೂ ಅಂಥದ್ದೇ ಒಂದು ಕಥೆ ಇದೆ. 'ಮಂಕಾಗುತ್ತೆ' ಅನ್ನೋರು ಎರಿಕ್ ಕ್ಲಾಪ್ಟನ್ ಕ್ರೀಮ್ ಬ್ಯಾಂಡಿನಲ್ಲಿದ್ದ ಕಾಲದ ಹಾಡುಗಳನ್ನು ಕೇಳಬೇಕು. 1967ರ 'ಸನ್‌ಶೈನ್ ಆಫ್ ಯುವರ್ ಲವ್' ಸೋಲೋದಲ್ಲಿ ಟೋನನ್ನು ಪೂರ್ತಿ ಇಳಿಸಿ, ಆಂಪನ್ನು ಪೂರ್ತಿ ಏರಿಸಿ ನುಡಿಸಿದ್ದು. ಕೊಳಲಿಗೂ ಹೆಣ್ಣಿನ ದನಿಗೂ ಮಧ್ಯದ ಆ ನಾದಕ್ಕೆ ಅವನೇ ಇಟ್ಟ ಹೆಸರು 'ವುಮನ್ ಟೋನ್'. 1968ರ ಬೀಳ್ಕೊಡುಗೆ ಕಛೇರಿಯ ಚಿತ್ರದಲ್ಲಿ ನಾಬ್ ತಿರುಗಿಸಿ ತೋರಿಸ್ತಾನೆ ಕೂಡ. ಮಂಕು ಯಾಕಾಗಲ್ಲ ಅಂದ್ರೆ, ಮಿತಿ ಮೀರಿ ಏರಿಸಿದ ಆಂಪ್ ತನ್ನದೇ ಹೊಸ ಕಿರುಕಂಪನಗಳನ್ನು ಹುಟ್ಟಿಸುತ್ತೆ. ಗಿಟಾರ್ ಕಳೆದಿದ್ದನ್ನ ಆಂಪ್ ಬೇರೆ ರೂಪದಲ್ಲಿ ತುಂಬಿಕೊಡುತ್ತೆ. ಎರಡನ್ನೂ ಜೋಡಿಯಾಗಿ ನೋಡಬೇಕು. ಒಂದನ್ನ 10ಕ್ಕೆ ಬೀಗ ಹಾಕಿ ಇನ್ನೊಂದನ್ನ ಬೈದರೆ ಆಗಲ್ಲ.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಿಕೊಡೋದಿಲ್ಲ. ಹಳೇ ರೆಕಾರ್ಡಿನ 10 ಮತ್ತು ನಿಮ್ಮ 10 ಒಂದೇ ಅಲ್ಲ. ಕೇಬಲ್ಲಿಗೂ ತನ್ನದೇ ಕೆಪ್ಯಾಸಿಟನ್ಸ್ ಇರುತ್ತೆ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದ್ಕೊಳ್ಳಿ. ಅರವತ್ತರ ದಶಕದಲ್ಲಿ ಹೆಂಡ್ರಿಕ್ಸ್ ಥರದವರು ಬಳಸ್ತಿದ್ದ ಉದ್ದನೆಯ ಸುರುಳಿ ಕೇಬಲ್‌ಗಳು ದಾರಿಯಲ್ಲೇ ಸಾಕಷ್ಟು ಟ್ರೆಬಲ್ ತಿಂದು ಹಾಕ್ತಿದ್ದವು. ಅವರ ನಾಬ್ 10ರಲ್ಲಿದ್ದರೂ ಆಂಪಿಗೆ ತಲುಪ್ತಿದ್ದದ್ದು ಈಗಿನ ಎಂಟೋ ಏಳೋ. ನಾವು ಮೂರು ಮೀಟರ್ ಕೇಬಲ್ ಹಾಕಿ ಲ್ಯಾಪ್‌ಟಾಪಿನ ಇಂಟರ್‌ಫೇಸಿಗೆ ನೇರ ಚುಚ್ಚಿ, ಹೆಡ್‌ಫೋನ್ ಹಾಕಿಕೊಂಡು, ಯಾಕಿಷ್ಟು ಕಿವಿ ಚುಚ್ಚುತ್ತೆ ಅಂತ ಪ್ರೀಸೆಟ್ ಮೇಲೆ ಪ್ರೀಸೆಟ್ ಬದಲಾಯಿಸ್ತಾ ಕೂರ್ತೀವಿ. ಪರಿಹಾರ ಬೆರಳಿಗೆ ಎರಡಂಗುಲ ದೂರದಲ್ಲಿರುತ್ತೆ.

ಕನ್ನಡದ ಕಿವಿಗೆ ಈ ವಾದ್ಯ ಹೊಸದೇನಲ್ಲ. ರಾಜನ್-ನಾಗೇಂದ್ರರ ಎಪ್ಪತ್ತರ ದಶಕದ ಹಾಡುಗಳ ಹಿಂದೆ ಗಿಟಾರ್ ಇದ್ದೇ ಇದೆ. 1981ರಲ್ಲಿ ಶಂಕರ್ ನಾಗ್ 'ಗೀತಾ' ಮಾಡಿದಾಗ ಇಳಯರಾಜಾ ಸಂಗೀತದಲ್ಲಿ ಅದು ಮುಂದಿನ ಸಾಲಿಗೇ ಬಂದು ಕೂತಿತು. ಬೆಂಗಳೂರಿನಲ್ಲಿ 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಶುರುವಾಯ್ತು. ಬ್ರೂಸ್ ಲೀ ಮಣಿ ಗಿಟಾರ್ ನುಡಿಸೋದನ್ನ ಹತ್ತಿರದಿಂದ ನೋಡಿದೋರಿಗೆ, ಕ್ಲೀನ್ ದನಿಯಲ್ಲಿ ಎಷ್ಟು ಬಣ್ಣ ತರಬಹುದು ಅಂತ ಗೊತ್ತಿರುತ್ತೆ. 2005ರಲ್ಲಿ ನಾಫ್ಲರೇ ಬೆಂಗಳೂರಿಗೆ ಬಂದು ಹೋದ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ನಮ್ಮ ತಲೆಮಾರಿನ ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಗಿಟಾರ್ ಕಲಿತವರ ಮೇಲೆ ಕೊನೆಯ ಎರಡರ ಪ್ರಭಾವವೇ ಜಾಸ್ತಿ. ಡಿಸ್ಟಾರ್ಷನ್ ಪೆಡಲ್, ಬ್ರಿಡ್ಜ್ ಪಿಕಪ್, ನಾಬ್ ಎಲ್ಲ 10. ಮೆಟಲ್‌ಗೆ ಅದು ಸರಿಯೇ. ಆದರೆ ಅದೇ ಸೆಟ್ಟಿಂಗ್‌ನಲ್ಲಿ ಭಾವಗೀತೆ ನುಡಿಸೋಕೆ ಹೋಗಿ, ಗಿಟಾರ್ ಸರಿಯಿಲ್ಲ ಅಂದ್ರೆ ಹೇಗೆ?

ಅಲ್ಲಿಂದಲೇ ಮಾತು ಮರಕ್ಕೆ ಬರೋದು.

ಮರದ ಬಗ್ಗೆ ಗಿಟಾರ್ ಲೋಕದಲ್ಲಿ ಇರೋ ಭಕ್ತಿ ಸಣ್ಣದಲ್ಲ. ಅಕೌಸ್ಟಿಕ್ ವಾದ್ಯಗಳಲ್ಲಿ ಅದಕ್ಕೆ ಅರ್ಥ ಇದೆ. ಹಲಸಿನ ಮರದ ವೀಣೆಯಲ್ಲಿ ತಂತಿ ಕುದುರೆಯನ್ನು ಅಲುಗಿಸುತ್ತೆ, ಕುದುರೆ ಕೊಡವನ್ನು, ಕೊಡ ಗಾಳಿಯನ್ನು. ಮರವೇ ಅಲ್ಲಿ ಸ್ಪೀಕರ್. ಬ್ರೆಜಿಲ್‌ನ ರೋಸ್‌ವುಡ್ ಸಿಗೋದು ಕಷ್ಟವಾಗ್ತಾ ಬಂದಾಗ, ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಅಕೌಸ್ಟಿಕ್ ಗಿಟಾರುಗಳ ಹಿಂಬದಿ ಮತ್ತು ಪಕ್ಕಗಳಿಗೆ ಭಾರತದ ರೋಸ್‌ವುಡ್ ಹಿಡೀತು. ಅದೇ ನಮ್ಮ ಪಶ್ಚಿಮ ಘಟ್ಟದ ಬೀಟೆ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಎಲೆಕ್ಟ್ರಿಕ್‌ನಲ್ಲಿ ಫೆಂಡರ್ ಕಂಪನಿ ರೋಸ್‌ವುಡ್ ಬೆರಳುಪಟ್ಟಿ ಹಾಕೋಕೆ ಶುರು ಮಾಡಿದ್ದು 1958-59ರಲ್ಲಿ. ಜಾರ್ಜ್ ಹ್ಯಾರಿಸನ್‌ಗೆ ಅಂತ ಇಡೀ ಮೈಯೇ ರೋಸ್‌ವುಡ್ ಆಗಿರೋ ಟೆಲಿಕ್ಯಾಸ್ಟರ್ ಮಾಡಿಕೊಟ್ಟರು. ಬೀಟಲ್ಸ್ 1969ರ ಜನವರಿ 30ರಂದು ಲಂಡನ್‌ನ ತಾರಸಿ ಮೇಲೆ ನುಡಿಸಿದಾಗ ಹ್ಯಾರಿಸನ್ ಕೈಯಲ್ಲಿದ್ದಿದ್ದು ಅದೇ. ನೋಡೋಕೆ ಚೆಂದ, ಹೆಗಲಿಗೆ ಭಾರ. ಅಲ್ಲಿಂದ ರೋಸ್‌ವುಡ್ ಅನ್ನೋ ಪದಕ್ಕೇ ಒಂದು ನಾದ ಅಂಟಿಕೊಂಡಿತು.

ಆದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಾಳಿ ಅಲುಗಿಸೋದು ಮರ ಅಲ್ಲ, ಆಂಪಿನ ಸ್ಪೀಕರ್. ಪಿಕಪ್ಪಿಗೆ ಕಾಣೋದು ಉಕ್ಕಿನ ತಂತಿ ಮಾತ್ರ. ಮೊದಲ ಮಾದರಿಯೇ ಅಲ್ಯೂಮಿನಿಯಂ ಬಾಣಲೆ ಆಗಿತ್ತಲ್ಲ. ಲೆಸ್ ಪಾಲ್ ಅನ್ನೋ ವಾದಕ 1940ರ ಆಸುಪಾಸಿನಲ್ಲಿ ಒಂದು ಪೈನ್ ತೊಲೆಗೆ ತಂತಿ ಬಿಗಿದು ನುಡಿಸಿದ. ನೋಡೋರಿಗೆ ಗಿಟಾರ್ ಅನ್ನಿಸಲಿ ಅಂತ ಎರಡು ಪಕ್ಕಕ್ಕೆ ಗಿಟಾರಿನ ರೆಕ್ಕೆ ಅಂಟಿಸಿದ, ಅಷ್ಟೆ. ಕೆಲವು ವರ್ಷದ ಹಿಂದೆ ನ್ಯಾಶ್‌ವಿಲ್‌ನ ಜಿಮ್ ಲಿಲ್ ಅನ್ನೋ ವಾದಕ ಎರಡು ಬೆಂಚುಗಳ ಮಧ್ಯೆ ತಂತಿ ಬಿಗಿದು, ಗಿಟಾರಿನ ಮೈಯನ್ನೇ ತೆಗೆದುಹಾಕಿ, ಅದೇ ಪಿಕಪ್ಪನ್ನು ಅದೇ ಅಳತೆಯಲ್ಲಿಟ್ಟು ರೆಕಾರ್ಡ್ ಮಾಡಿ ತೋರಿಸಿದ. ಕೇಳಿ ನೋಡಿ, ನಿಜವಾದ ಗಿಟಾರಿಗೂ ಅದಕ್ಕೂ ವ್ಯತ್ಯಾಸ ಹುಡುಕೋದು ಕಷ್ಟ. ಮರಕ್ಕೆ ಏನೂ ಪಾತ್ರ ಇಲ್ಲವೇ ಇಲ್ಲ ಅಂತ ನಾನು ವಾದಿಸೋಕೆ ಹೋಗಲ್ಲ. ತೂಕ, ಕೈಗೆ ಸಿಗೋ ಸ್ಪರ್ಶ, ತಂತಿ ಎಷ್ಟು ಹೊತ್ತು ಮೊಳಗುತ್ತೆ ಅನ್ನೋದರಲ್ಲಿ ಇರಬಹುದು. ಆದರೆ ಬೆರಳುಪಟ್ಟಿಯ ಮರ ತರೋ ವ್ಯತ್ಯಾಸ ಆನೆ ಮುಂದಿನ ಇರುವೆ. ಟೋನ್ ನಾಬನ್ನು 10ರಿಂದ 7ಕ್ಕೆ ಇಳಿಸಿದ್ರೆ ಸಂಗೀತ ಗೊತ್ತಿಲ್ಲದ ನಮ್ಮಮ್ಮನೂ ಪಕ್ಕದ ರೂಮಿನಿಂದ "ಈಗ ಪರವಾಗಿಲ್ಲ ಕಣೋ" ಅಂತಾರೆ.

ಇತ್ತ ಮರದ ಕಥೆ ನೋಡಿ. ಬೀಟೆ ನಿಧಾನದ ಮರ. ನೆಟ್ಟವನು ಕಡಿಯಲ್ಲ, ಮೊಮ್ಮಗನ ಕಾಲಕ್ಕೂ ಚೇಗು ತುಂಬಿರುತ್ತೆ ಅನ್ನೋ ಖಾತ್ರಿ ಇಲ್ಲ. ನಮ್ಮ ರಾಜ್ಯದಲ್ಲಿ ನಿಮ್ಮ ತೋಟದೊಳಗೇ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನ ಮುಟ್ಟುವ ಹಾಗಿಲ್ಲ. ದಿಮ್ಮಿಯನ್ನು ದೇಶದಾಚೆ ಕಳಿಸೋದಕ್ಕೆ ನಿಷೇಧ ಇದೆ. ಐಯುಸಿಎನ್ ಪಟ್ಟಿಯಲ್ಲಿ ಅದು ಅಪಾಯದ ಅಂಚಿನ ಮರ. ಇಷ್ಟಾದ್ರೂ ಮಳೆಗಾಲದ ರಾತ್ರಿ ತೋಟಕ್ಕೆ ಗರಗಸ ಬಂತು ಅನ್ನೋ ಸುದ್ದಿ ನಮ್ಮ ಕಡೆ ಯಾರಿಗೂ ಹೊಸದಲ್ಲ. 2017ರ ಜನವರಿ 2ರಿಂದ ಸೈಟಿಸ್ ಒಪ್ಪಂದ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳನ್ನೂ ನಿಯಂತ್ರಣ ಪಟ್ಟಿಗೆ ಸೇರಿಸಿತು. ಗಿಟಾರ್ ಕಂಪನಿಗಳಲ್ಲಿ ಗಡಿಬಿಡಿ. ಫೆಂಡರ್‌ನವರು ಮೆಕ್ಸಿಕೋದಲ್ಲಿ ಮಾಡೋ ಗಿಟಾರುಗಳಿಗೆ ಪಾವ್ ಫೆರೋ ಅನ್ನೋ ಬೇರೆ ಮರ ಹಾಕಿದರು. ಟೋನ್ ಹೋಯ್ತು ಅಂತ ಒಂದಿಷ್ಟು ಜನ ಗೋಳಾಡಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ರೋಸ್‌ವುಡ್ ವಾಪಸ್ ಬಂತು. ಈ ಮೂರು ವರ್ಷದ ಮಧ್ಯೆ ರೆಕಾರ್ಡ್ ಆದ ಹಾಡುಗಳನ್ನು ಕೇಳಿ ಇದು ಪಾವ್ ಫೆರೋ, ಇದು ಬೀಟೆ ಅಂತ ಬೇರ್ಪಡಿಸೋರು ಸಿಕ್ಕರೆ ನಾನು ಕೊಟ್ಟಿಗೆಹಾರದಲ್ಲಿ ನೀರುದೋಸೆ ಕೊಡಿಸ್ತೀನಿ.

ಹೋಗ್ಲಿ, ಗಿಟಾರ್ ಕೈಗೆ ತಗೊಳ್ಳಿ. ಮೊದಲು ಗಿಟಾರಿನ ವಾಲ್ಯೂಮ್ 8, ಟೋನ್ 6ಕ್ಕೆ ಇಳಿಸಿ. ಈಗ ಆಂಪನ್ನೋ ಪ್ಲಗಿನ್ನನ್ನೋ ತಿದ್ದಿ, ಇಷ್ಟವಾಗೋವರೆಗೆ ಟ್ರೆಬಲ್ ಏರಿಸಿ. ಇಷ್ಟು ಮಾಡಿದ ಮೇಲೆ ನಿಮಗೆ ಮೇಲಕ್ಕೂ ಜಾಗ ಇದೆ, ಕೆಳಕ್ಕೂ ಇದೆ. ಸೋಲೋ ಬಂದಾಗ ಏರಿಸಿ, ಹಾಡೋರ ಹಿಂದೆ ಇಳಿಸಿ. ಎಲ್ಲವನ್ನೂ 10ರಲ್ಲಿಟ್ಟು ಆಂಪ್ ತಿದ್ದಿದವನಿಗೆ ಇಳಿಯೋ ದಾರಿ ಒಂದೇ.

ಲೆಸ್ ಪಾಲ್ ಥರದ ಎರಡು ವಾಲ್ಯೂಮ್ ಇದ್ದರೆ ಸ್ವಿಚ್ಚನ್ನು ನಡುವೆ ಇಟ್ಟು, ಒಂದನ್ನ 10ರಲ್ಲಿ ಬಿಟ್ಟು ಇನ್ನೊಂದನ್ನ 10ರಿಂದ 6ರವರೆಗೆ ನಿಧಾನಕ್ಕೆ ತನ್ನಿ. ರಸ ಇರೋದೆಲ್ಲ ಆ ಸಣ್ಣ ಜಾಗದಲ್ಲೇ. ಪೂರ್ತಿ ಸೊನ್ನೆಗೆ ತಂದ್ರೆ ಸಾಮಾನ್ಯ ವೈರಿಂಗ್‌ನಲ್ಲಿ ಎರಡೂ ಪಿಕಪ್ ಮೂಕಾಗುತ್ತೆ, ಗಾಬರಿ ಬೇಡ, ಕೆಟ್ಟಿಲ್ಲ. ಜಾಝ್ ಬೇಸ್ ನುಡಿಸೋರು ಇನ್ನೊಂದನ್ನ ಗಮನಿಸಿರ್ತಾರೆ: ಎರಡೂ ವಾಲ್ಯೂಮ್ ಸಮ ಇದ್ದಾಗ ಗುಂಯ್ ಅನ್ನೋ ಕರೆಂಟಿನ ಹಮ್ ಇರಲ್ಲ, ಒಂದನ್ನ ಸ್ವಲ್ಪ ಇಳಿಸಿದ ತಕ್ಷಣ ಶುರು. ಒಂದರ ಕಾಯಿಲ್ ಇನ್ನೊಂದಕ್ಕೆ ಉಲ್ಟಾ ಸುತ್ತಿರೋದ್ರಿಂದ ಸಮ ಬೆರಕೆಯಲ್ಲಿ ಹಮ್ ಒಂದನ್ನೊಂದು ಹೊಡೆದು ಹಾಕುತ್ತೆ.

ಸ್ಟ್ರ್ಯಾಟ್ ಇದ್ದವರಿಗೆ ಒಂದು ಕಿವಿಮಾತು. 1954ರ ಮೂಲ ವೈರಿಂಗ್‌ನಲ್ಲಿ ಎರಡು ಟೋನ್ ನಾಬ್ ಇದ್ದರೂ ಎರಡೂ ಕುತ್ತಿಗೆ ಮತ್ತು ನಡು ಪಿಕಪ್ಪಿನವು. ಎಲ್ಲಕ್ಕಿಂತ ಹೆಚ್ಚು ಚುಚ್ಚೋ ಬ್ರಿಡ್ಜ್ ಪಿಕಪ್ಪಿಗೆ ಟೋನೇ ಇಲ್ಲ. ಈಗಲೂ ಎಷ್ಟೋ ಅಗ್ಗದ ಗಿಟಾರುಗಳಲ್ಲಿ ಹಾಗೇ ಇದೆ. ಎರಡನೇ ಟೋನ್ ನಾಬಿನಿಂದ ಬ್ರಿಡ್ಜ್‌ಗೆ ಒಂದು ವೈರ್ ಎಳೆದ್ರೆ ಮುಗೀತು, ಹತ್ತು ನಿಮಿಷದ ಬೆಸುಗೆ. ಎಸ್‌ಪಿ ರೋಡಿಗೆ ಹೋದ್ರೆ 473 ಅಂತ ಬರೆದಿರೋ ಪಾಲಿಯೆಸ್ಟರ್ ಕೆಪ್ಯಾಸಿಟರ್ ಸಿಗುತ್ತೆ, ಅಂದ್ರೆ 0.047 ಮೈಕ್ರೋಫ್ಯಾರಡ್. 223 ಅಂದ್ರೆ 0.022. ಟೋನ್ ಇಳಿಸಿದಾಗ ತೀರಾ ಮುಳುಗಿದ ಹಾಗನಿಸಿದ್ರೆ ಎರಡನೆಯದನ್ನ ಹಾಕಿ. ಒಂದು ಬೈಟು ಕಾಫಿಯ ದುಡ್ಡೂ ಆಗಲ್ಲ. ಎಣ್ಣೆಕಾಗದದ ವಿಂಟೇಜ್ ಕೆಪ್ಯಾಸಿಟರ್ ಅಂತ ಸಾವಿರಗಟ್ಟಲೆ ಕೀಳೋರೂ ಇದ್ದಾರೆ. ಬೆಲೆ ಒಂದೇ ಇದ್ದರೆ, ಅಂದ್ರೆ ಮೈಕ್ರೋಫ್ಯಾರಡ್ ಬೆಲೆ, ಎಲೆಕ್ಟ್ರಾನಿಗೆ ಯಾವ ವರ್ಷದ್ದು ಅಂತ ಗೊತ್ತಾಗಲ್ಲ.

ಇನ್ನೂ ಉತ್ಸಾಹ ಇದ್ದರೆ ಒಂದು ಟೋನ್ ನಾಬನ್ನು ಬ್ಲೆಂಡ್ ಮಾಡಿಬಿಡಿ. ಬ್ರಿಡ್ಜ್ ಪಿಕಪ್ ಆನ್ ಇದ್ದಾಗ ಕುತ್ತಿಗೆ ಪಿಕಪ್ಪನ್ನು ಬೇಕಾದಷ್ಟು ಬೆರೆಸೋ ಹಾಗೆ. ಮಾಮೂಲಿ ಪಾಟ್ ಹಾಕಿದ್ರೆ ಪೂರ್ತಿ ಮುಚ್ಚಿದಾಗಲೂ ಒಂದು ಹನಿ ಸೋರುತ್ತೆ. ಕೊನೆಯಲ್ಲಿ ಸಂಪರ್ಕವೇ ಕಡಿದುಹೋಗೋ 'ನೋ ಲೋಡ್' ಪಾಟ್ ಹಾಕಿದ್ರೆ ಅದೂ ಇರಲ್ಲ. ಸ್ಟ್ರ್ಯಾಟ್ ತಿದ್ದುವವರಲ್ಲಿ ಈ ಮಾಡ್ ಭಾರಿ ಜನಪ್ರಿಯ, ಹೊಸ ಆವಿಷ್ಕಾರ ಅನ್ನೋ ಹಾಗೆ ಮಾತಾಡ್ತಾರೆ. 1950ರ ಬ್ರಾಡ್‌ಕಾಸ್ಟರಿನ ಎರಡನೇ ನಾಬ್ ಅದೇ.

ಲಿಯೋ ಫೆಂಡರ್ 1965ರಲ್ಲಿ ಕಂಪನಿಯನ್ನು ಸಿಬಿಎಸ್‌ಗೆ ಮಾರಿದ. ಆಮೇಲೆ, ಎಪ್ಪತ್ತು ದಾಟಿದ ಮೇಲೆ, ಜಿ ಅಂಡ್ ಎಲ್ ಅನ್ನೋ ಇನ್ನೊಂದು ಕಂಪನಿ ಕಟ್ಟಿ 1991ರ ಮಾರ್ಚಿನಲ್ಲಿ ತೀರಿಕೊಳ್ಳೋವರೆಗೂ ಬೆಂಚಿನ ಮುಂದೆಯೇ ಇದ್ದ. ಆ ಕೊನೆಯ ಗಿಟಾರುಗಳಲ್ಲಿ ವಾಲ್ಯೂಮ್ ಬಿಟ್ಟು ಇನ್ನೆರಡು ನಾಬ್ ಇವೆ: ಒಂದು ಟ್ರೆಬಲ್ ಕಳೆಯೋಕೆ, ಇನ್ನೊಂದು ಬೇಸ್ ಕಳೆಯೋಕೆ. ನಲವತ್ತು ವರ್ಷ ಆದ್ರೂ ಗಿಟಾರ್ ನುಡಿಸೋಕೆ ಕಲಿತಿರಲಿಲ್ಲ ಪುಣ್ಯಾತ್ಮ, ನಾಬ್ ಮಾತ್ರ ಇನ್ನೂ ತಿದ್ದುತ್ತಲೇ ಇದ್ದ.